ದಾರದ ಗೋಡೆ ದಾಟಬಾರದು

ನೀವು ಇಟ್ಟಿಗೆಯ ಮನೆ ನೋಡಿರುತ್ತೀರಿ, ಕಲ್ಲಿನ ಮನೆ ನೋಡಿರುತ್ತೀರಿ. ದಾರದ ಮನೆಯಲ್ಲಿ ನಿಂತು ಬೈಸಿಕೊಂಡಿದ್ದೀರಾ? ನಾನು ಬೈಸಿಕೊಂಡಿದ್ದೇನೆ. ಅದೂ ಗೋಡೆ ಹಾಯ್ದು ಬಂದೆನೆಂಬ ಅಪರಾಧಕ್ಕೆ! ಬೈದವರು ಬೇರೆ ಯಾರೂ ಅಲ್ಲ, ನನ್ನ ಖಾಸಾ ಸೋದರಮಾವ.

ಮಾಮಾ ಇರುವುದು ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ. ಕೆಳಗೆ ಕರೆಂಟಿನ ನಾಲ್ಕು ಮಗ್ಗಗಳ ಶೆಡ್ಡು, ಮೇಲೆ ಸಂಸಾರ, ನಡುವೆ ಹದಿನೆಂಟು ಮೆಟ್ಟಿಲು. ಹೋದ ವರ್ಷ ಮಾಮಿಯ ಮೊಣಕಾಲು ಊದಿಕೊಂಡು, ಡಾಕ್ಟರರು ಇನ್ನು ಮೆಟ್ಟಿಲು ಹತ್ತಿಳಿಯುವುದು ಬಂದ್ ಎಂದುಬಿಟ್ಟರು. ಶೆಡ್ಡಿನ ಹಿಂದೆ ಖಾಲಿ ಜಾಗವಿತ್ತು. ಅಲ್ಲಿ ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು, ದೇವರ ಜಗುಲಿ ಎಲ್ಲವನ್ನೂ ನೆಲಮಟ್ಟದಲ್ಲೇ ಕಟ್ಟಿಸುವುದೆಂದು ಠರಾಯಿತು. ಇಂಜಿನಿಯರ್ ನಕ್ಷೆ ತಂದುಕೊಟ್ಟರು. ಮಾಮಾ ಅದನ್ನು ಉದ್ದಕ್ಕೆ ಹಿಡಿದು ನೋಡಿದರು, ಅಡ್ಡಕ್ಕೆ ಹಿಡಿದು ನೋಡಿದರು, ಬಿಸಿಲಿಗೂ ಹಿಡಿದು ನೋಡಿದರು. ಕೊನೆಗೆ ಮಡಚಿ ಕಿಸೆಗೆ ಹಾಕಿಕೊಂಡರು.

"ಕಾಗದದಾಗ ನಾ ಹೆಂಗ ಅಡ್ಡಾಡ್ಲಿ? ಅರಿವಿ ಥಾನ ನೇಯೂಕಿಂತ ಮೊದ್ಲ ಒಂದ ಗೇಣು ನೇದು ನೋಡತೇವಿ. ಮನಿ ಅಂದ್ರ ನೋಡದನ ಕಟ್ಟೂದೇನು?"

ಮರುದಿನದಿಂದಲೇ ಶುರು! ಮಗ್ಗದಲ್ಲಿ ಉಳಿದ ವೇಸ್ಟ್ ದಾರವನ್ನೆಲ್ಲ ಹೊರಗೆ ತಂದರು. ಗೂಟ ಹುಗಿದರು. ಸೊಂಟದೆತ್ತರಕ್ಕೆ ದಾರ ಕಟ್ಟಿ, ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಎಬ್ಬಿಸಿಯೇಬಿಟ್ಟರು. ದಾರ ಇದ್ದಲ್ಲಿ ಗೋಡೆ, ದಾರ ಇಲ್ಲದಲ್ಲಿ ಬಾಗಿಲು.

ಇದ್ಯಾವುದೂ ಗೊತ್ತಿಲ್ಲದ ನಾನು ಒಂದು ಭಾನುವಾರ ಗಡಹಿಂಗ್ಲಜದಿಂದ ಹೋದವಳು, ದಾರದ ಕೆಳಗೆ ನುಸುಳಿ "ಹೆಂಗದೀರಿ ಮಾಮಾ?" ಎಂದೆ. ಮಾಮಾ ಹೌಹಾರಿದರು.

"ಯವ್ವಾ, ಸೀದಾ ಗ್ವಾಡ್ಯಾಗಿಂದ ಬಂದೆಲ್ಲ! ಸಾಲಿ ಕಲಸ್ತಿ, ಬಾಗಲಾ ಎಲ್ಲೈತಿ ನೋಡಾಕ ಬರೂದಿಲ್ಲ? ತಿರಿಗಿ ಹೋಗು!"

ಮಕ್ಕಳಿಗೆ ಪಾಠ ಹೇಳುವ ನಾನು ತೆಪ್ಪಗೆ ಹಿಂದೆ ಹೋದೆ, ಚಪ್ಪಲಿ ಬಿಟ್ಟೆ, ಬಾಗಿಲಿನಿಂದ ಬಂದೆ. ಕಾಲು ತೊಳೆಯುತ್ತೇನೆಂದರೆ ಅದಕ್ಕೂ ತಡೆ! "ತಡಿ, ಬಚ್ಚಲದಾಗ ಮಂದಿ ಅದಾರ." ನೋಡುತ್ತೇನೆ, ಪಕ್ಕದ ಮನೆಯ ಠೊಣಪ ಗೃಹಸ್ಥರೊಬ್ಬರು ಅಂಗಿ, ಧೋತರ, ಟೋಪಿ ಸಮೇತ ನಿಂತು ಖಾಲಿ ತಂಬಿಗೆಯಿಂದ ನೀರಿಲ್ಲದ ಸ್ನಾನ ಮಾಡುತ್ತಿದ್ದಾರೆ! ಮೈ ಉಜ್ಜುವಾಗ ಮೊಣಕೈ ಗೋಡೆಗೆ ತಾಗುತ್ತದೆಯೋ ಇಲ್ಲವೋ ಎಂಬ ಪರೀಕ್ಷೆಯಂತೆ. ತಾಗಿತು. ಬಚ್ಚಲು ಒಂದು ಗೇಣು ಬೆಳೆಯಿತು.

ನಗಬೇಡಿ, ಈ ಹುಚ್ಚಾಟದಿಂದ ಲಾಭವೂ ಆಯಿತು. ಮಂಚ ತಂದು ಹಾಕಿದಾಗ ಕಪಾಟಿನ ಬಾಗಿಲು ಅರ್ಧವೇ ತೆರೆಯುತ್ತದೆಂದು ತಿಳಿಯಿತು. ಜಗುಲಿಯ ಮುಂದೆ ಲಿಂಗಪೂಜೆಗೆ ಕೂತರೆ ಹಾಯುವವರ ಕಾಲು ಬೆನ್ನಿಗೆ ತಾಗುತ್ತದೆಂದೂ ತಿಳಿಯಿತು. ಜಗುಲಿ ಮೂಲೆಗೆ ಸರಿಯಿತು, ಮಂಚ ತಿರುಗಿತು. ಒಂದು ದಿನ ಯಾರದೋ ಆಡು ಬಂದು ಮಲಗುವ ಕೋಣೆಯ ಗೋಡೆಯನ್ನೇ ಜಗಿದುಹಾಕಿತು. ಮಾಮಾ ಕಲಮಲಿಸಲಿಲ್ಲ. "ಅಲ್ಲಿ ಗಾಳಿ ಸಾಲ್ತಿರಲಿಲ್ಲ, ಆಡಿಗೆ ತಿಳದೈತಿ" ಎಂದು ಅಲ್ಲೊಂದು ಕಿಟಕಿ ಬಿಟ್ಟರು!

ಇಂಜಿನಿಯರ್ ಪಾಪ, ಮೂರು ಸಲ ನಕ್ಷೆ ತಿದ್ದಿದರು. ಆದರೆ ಒಂದು ಕಿಟಕಿಗೆ ಮಾತ್ರ ಅವರು ಒಪ್ಪಲಿಲ್ಲ. ದಾರದ ಅಡಿಗೆಮನೆ ತಾಗುವಲ್ಲಿ ಮಗ್ಗದ ಶೆಡ್ಡಿಗೆ ಒಂದು ಅಗಲವಾದ ಹಿಂಬಾಗಿಲಿತ್ತು. ಅದನ್ನು ಮುಚ್ಚಿ ಗೋಡೆ ಕಟ್ಟಿಸಿ, ಆ ಗೋಡೆಯಲ್ಲೊಂದು ಕಿಟಕಿ ಬೇಕೆಂದು ಮಾಮಾನ ಹಟ. ಅಲ್ಲೂ ಅಡ್ಡ ದಾರ ಕಟ್ಟಿ, ಕಿಟಕಿಯ ಜಾಗಕ್ಕೆ ಗುರುತು ಮಾಡಿಟ್ಟಿದ್ದರು.

"ಕಾಕಾ, ಹೇ ಕಾಯ್ ಆಹೇ? ಏನ್ರಿ ಇದು?" ಎಂದು ಇಂಜಿನಿಯರ್ ತಲೆಗೆ ಕೈ ಹಚ್ಚಿದರು. "ಮಗ್ಗದ ಸದ್ದು, ಹತ್ತಿಯ ಧೂಳು, ಎಲ್ಲಾ ಸಾರಿನಾಗ ಬೀಳತೈತ್ರಿ!"

"ಬೀಳ್ಲಿ. ಖಿಡಕಿ ಇರ್ಬೇಕು."

ಇದಕ್ಕಿಂತ ದೊಡ್ಡ ತೊಡಕು ಮೇಲೆ ಕೂತಿತ್ತು. ಇಡೀ ಓಣಿ ದಾರದ ಮನೆಯಲ್ಲಿ ಅಡ್ಡಾಡಿ ಹೋದರೂ ಮಾಮಿ ಕೆಳಗಿಳಿದು ನೋಡಲಿಲ್ಲ. ಅವರು ಹೂಂ ಎನ್ನುವತನಕ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲವೆಂದು ಮಾಮಾ ಗೌಂಡಿಯನ್ನು ವಾಪಸು ಕಳಿಸಿದ್ದರು. ನಾನು ಮೇಲೆ ಹೋಗಿ ಕೇಳಿದೆ.

"ಇಳದೆ ಅಂದ್ರ ಕಾಲು ಹೋದುವು ಅಂತ ಒಪ್ಪಿಕೊಂಡಂಗ, ತಂಗಿ" ಎಂದರು ಮಾಮಿ, ಹಿಟ್ಟು ನಾದುತ್ತಲೇ. "ಮೂವತ್ತು ವರ್ಷದ ಒಲಿ ಇದು. ನಾ ಬರೂದಿಲ್ಲ."

ನನಗೆ ಸಿಟ್ಟು ಬಂತು. ಕೆಳಗಿಳಿದು ಆ ಸಿಟ್ಟನ್ನು ಮಾಮಾನ ಮೇಲೆ ತೀರಿಸಿದೆ. "ಮಾಮಿ ಬರಾಕ ಒಲ್ಲೆ ಅಂತಾರ, ನೀವು ಖಿಡಕಿ ಖಿಡಕಿ ಅಂತ ಕುಂತೀರಿ! ಏನೈತ್ರಿ ಆ ಖಿಡಕ್ಯಾಗ?"

ಮಾಮಾ ಗೂಟದ ದಾರ ಬಿಗಿ ಮಾಡುತ್ತ ಕೂತರು. ಆಮೇಲೆ ಮೆಲ್ಲಗೆ ಮಾತಾಡಿದರು. ಮಗ್ಗದ ಸದ್ದಿನಲ್ಲಿ ಬದುಕಿದ ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮಗ್ಗ ಹೊಡಿಯೂವಾಗ ಅಕಿ ಮ್ಯಾಲಿಂದ ಒದರಿದ್ರ ನನಗ ಕೇಳೂದಿಲ್ಲ. ಕಿಸೇದಾಗಿನ ಫೋನ್ ನಡಗಿದ್ರೂ ಗೊತ್ತಾಗೂದಿಲ್ಲ, ಮೈನ ನಡಗತಿರತೈತಿ. ಚಾಕ್ಕ, ಊಟಕ್ಕ, ಯಾರರ ಬಂದ್ರ, ಎಲ್ಲಾಕ್ಕೂ ಅಕಿನ ಇಳದು ಬಂದು ಕೈ ಮಾಡಿ ಕರದಾಳ. ಆ ಮೊಣಕಾಲು ಸವಿಸಿದಾಂವ ನಾನ, ಯವ್ವಾ. ಖಿಡಕಿ ಇದ್ರ ಕುಂತಲ್ಲಿಂದ ಕೈ ಮಾಡ್ತಾಳ."

ನಾನು ಮತ್ತೆ ಹದಿನೆಂಟು ಮೆಟ್ಟಿಲು ಹತ್ತಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಮಾಮಿಗೆ ಒಪ್ಪಿಸಿದೆ. ಅವರು ಹಿಟ್ಟು ಬದಿಗೆ ಸರಿಸಿದರು. ಹಿಟ್ಟಿನ ಕೈ ತೊಳೆದರು, ಒಲೆಯ ಮೇಲೆ ಚಹಾಕ್ಕೆ ಇಟ್ಟರು, ಅದು ಕುದಿದ ಮೇಲೆ ಮುಚ್ಚಿದರು. ಆಮೇಲೆ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಬಾಗಿಲಿನಿಂದಲೇ ಒಳಗೆ ಬಂದು, ದಾರದ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಅಷ್ಟರಲ್ಲಿ ಮಾಮಾ ಶೆಡ್ಡಿಗೆ ಹೋಗಿ ಮಗ್ಗ ಹೊಡೆಯುತ್ತಿದ್ದರು. ನಾಲ್ಕೂ ಮಗ್ಗಗಳು ಧಡಧಡ ಎನ್ನುತ್ತಿದ್ದವು. ಮಾಮಿ ದಾರದ ಕಿಟಕಿಯಲ್ಲಿ ಕೈ ಎತ್ತಿ, ಬಸಿ ಹಿಡಿದು ಚಹಾ ಕುಡಿಯುವ ಸನ್ನೆ ಮಾಡಿದರು.

ಮಾಮಾ ತಿರುಗಿ ನೋಡಿದರು. ಮಗ್ಗ ನಿಲ್ಲಿಸಿದವರೇ ಸೀದಾ ನಡೆದು ಬಂದರು. ಬಾಗಿಲು ಆ ಕಡೆ ಇದೆ ಎಂಬ ಖಬರೇ ಇಲ್ಲ! ಹೊಟ್ಟೆಗೆ ತಾಗಿ ದಾರವೆಲ್ಲ ಪಟಪಟ ಹರಿಯಿತು.

"ಗ್ವಾಡಿ ಒಡದು ಬಂದ್ರೆಲ್ಲ!" ಎಂದರು ಮಾಮಿ. "ತಿರಿಗಿ ಹೋಗ್ರಿ."

ಮಾಮಾ ಸೊಂಟಕ್ಕೆ ಸುತ್ತಿಕೊಂಡ ದಾರ ನೋಡಿಕೊಂಡರು. "ಇಲ್ಲಿ ಖಿಡಕಿ ಬ್ಯಾಡ. ಬಾಗಲಾನ ಇರ್ಲಿ. ಸದ್ದು ಆದ್ರ ಮುಚ್ಚಿಕೊಂಡ್ರಾತು. ಆತೇನು?"

"ಹೂಂ" ಎಂದರು ಮಾಮಿ.

"ಮತ್ತ ಚಾ ಎಲ್ಲಿ?"

"ಮ್ಯಾಲ ಐತಿ."

ಮಾಮಾ ಒಂದು ಗಳಿಗೆ ಮೆಟ್ಟಿಲಿನ ಕಡೆ ನೋಡಿದರು. ಆಮೇಲೆ ಹದಿನೆಂಟನ್ನೂ ತಾವೇ ಹತ್ತಿ ಹೋಗಿ, ಎರಡು ಕಪ್ಪು ಬಸಿ ಹಿಡಿದು, ಅರ್ಧ ಚಹಾ ಮೆಟ್ಟಿಲಿಗೆ ಕುಡಿಸುತ್ತ ಇಳಿದು ಬಂದರು. ಮಾಮಿ ಕಾಲು ಚಾಚಿ ಕೂತಲ್ಲೇ ಕೂತಿದ್ದರು.