ಘನರೂಪದ ವೈನ್

ಅಥಣಿ ತಾಲೂಕಿನ ತೆಲಸಂಗದಲ್ಲಿ ಪರ್ವತವೊಂದು ಇರುವುದಾಗಿ ಸರ್ಕಾರವು ಸಮಸ್ತರ ಗಮನಕ್ಕೆ ತಂದಿರುತ್ತದೆ. ಅದು ದ್ರಾಕ್ಷಿ ಬೆಳೆಗಾರ ಧರೆಪ್ಪನ ತೋಟದಲ್ಲಿತ್ತು. ಕೃಷಿಹೊಂಡ ತೋಡಿದಾಗ ಜೆಸಿಬಿ ಎತ್ತಿ ಹಾಕಿದ ಮಣ್ಣಿನ ಗುಡ್ಡೆ ಅದು. ಅವನ ಎಮ್ಮೆ ಅದಕ್ಕೆ ಮೈ ತಿಕ್ಕುತ್ತಿತ್ತು.

‘ಗಿರಿ ವೈನ್ ಪ್ರದೇಶ’ ಯೋಜನೆಯ ಅನುದಾನ ಬೆಟ್ಟದ ದ್ರಾಕ್ಷಿತೋಟಗಳಿಗೆ ಮಾತ್ರ ಎಂದು ತಿಳಿದಾಗ ಪಂಚಾಯ್ತಿ ಅಧ್ಯಕ್ಷ ಅಣ್ಣಾಸಾಬ ಎದೆಗುಂದಲಿಲ್ಲ. ಯೋಜನಾಧಿಕಾರಿ ವಿಕ್ರಾಂತ ಸಾಹೇಬರನ್ನು ಕರೆತಂದು ಗುಡ್ಡೆ ಹತ್ತಿಸಿದ. ಸಾಹೇಬರು ಮೇಲೆ ನಿಂತು, “ಇಲ್ಲಿ ಹವಾ ಭಾಳ ತಂಪೈತಿ” ಎಂದರು. ಅಲ್ಲಿಗೆ ಪರ್ವತ ಮಂಜೂರಾಯಿತು.

ಧರೆಪ್ಪನಿಗೆ ಪರ್ವತದ ಗೊಡವೆ ಇರಲಿಲ್ಲ. ಮಗಳು ಕೋಮಲಳಿಗೆ ಏಳು ತಿಂಗಳು ತುಂಬಿತ್ತು. ಬರುವ ಸೋಮವಾರ ಸೀಮಂತದ ಕುಬಸ. ತವರಿನ ತೋಟದ ಒಣದ್ರಾಕ್ಷಿ ಹಾಕಿದ ಗೋದಿ ಹುಗ್ಗಿ ಬೇಕೆಂದು ಬಸುರಿ ಬಾಯಿಬಿಟ್ಟು ಕೇಳಿದ್ದಳು. ಅದೊಂದು ಆಸೆ ತೀರಿಸಿದರೆ ಸಾಕು ಅಂತ ಅವನ ಜೀವ ಹಾತೊರೆಯುತ್ತಿತ್ತು.

ಅಷ್ಟರಲ್ಲಿ ಸಾಹೇಬರು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಬಂದರು.

“ಧರೆಪ್ಪ, ವೈನ್ ಎಲ್ಲೈತಿ?”

“ವೈನ್ ಎಲ್ಲಿಂದ ತರ್ಲಿರಿ ಸಾಹೇಬ್ರ? ನಮ್ಮಪ್ಪನ ಕಾಲದಿಂದ ಒಣಗಿಸೂದಷ್ಟ ಗೊತ್ತೈತಿ. ಹಿಂಡಿದವರಲ್ಲ ನಾವು.”

ಸಾಹೇಬರ ಮುಖ ಸಣ್ಣದಾಯಿತು. ವೈನ್ ಇಲ್ಲದ ವೈನ್ ಪ್ರದೇಶಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಅನುದಾನವೋ, ಅಣ್ಣಾಸಾಬನ ಹೊಸ ಜೀಪಾಗಿ ಹೊರಗೇ ನಿಂತಿತ್ತು. ಅವರು ಒಂದು ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಜಗಿದರು. ಮರುದಿನ ಊರಲ್ಲಿ ಡಂಗುರ ಸಾರಿದರು:

“ಗಿರಿ ಪ್ರದೇಶದ ಒಣದ್ರಾಕ್ಷಿಯನ್ನು ಇನ್ನು ಮುಂದೆ ಘನರೂಪದ ವೈನ್ ಎಂದು ಭಾವಿಸತಕ್ಕದ್ದು. ಅಪ್ರಾಪ್ತರು, ವಾಹನ ಚಾಲಕರು ಹಾಗೂ ಗರ್ಭಿಣಿಯರು ಇದನ್ನು ಸೇವಿಸತಕ್ಕದ್ದಲ್ಲ.”

ಧರೆಪ್ಪ ಪಂಚಾಯ್ತಿಗೆ ಓಡಿದ. “ಇದೇನ್ ಮಂಗ್ಯಾನಾಟೋ ಅಣ್ಣಾಸಾಬ! ಮಗಳ ಕುಬಸ ಐತಿ!”

“ಕುಬಸ ಮಾಡಪಾ, ಯಾರು ಬ್ಯಾಡ ಅಂದ್ರು? ಆಕಿಗೆ ಕುಡಸೂದೊಂದು ಬ್ಯಾಡ.”

“ಹುಗ್ಗಿ ತಿಂತಾರೋ, ಕುಡಿತಾರೋ?”

“ನಿಯಮದಾಗ ಕುಡಿತಾರ” ಎಂದ ಅಣ್ಣಾಸಾಬ.

ಸೋಮವಾರ ಇಳಕಲ್ ಸೀರೆ ಉಟ್ಟ ಹೆಂಗಸರು ಬಾಗಿಲಲ್ಲಿ ಆಧಾರ್ ಕಾರ್ಡು ತೋರಿಸಿ ಒಳಗೆ ಬಂದರು. ಮಕ್ಕಳಿಗೆ ಬರೀ ಚುರುಮುರಿ. ಬೀಗರನ್ನು ಬೇಡಕಿಹಾಳದಿಂದ ಕರೆತಂದ ಟೆಂಪೋ ಡ್ರೈವರ್ ಗೋಡೆಗೆ ಮುಖ ಮಾಡಿ ಅನ್ನ ಸಾರು ಉಂಡ. ಹಿರಿಯಳಾದ ಕೆಂಚವ್ವ ಎರಡು ಬಟ್ಟಲು ಹುಗ್ಗಿ ಹೊಡೆದು, ಕಂಬ ಹಿಡಿದು, “ಏರಾಕತ್ತೇತವ್ವಾ!” ಎಂದಳು. ಯಾರೂ ನಗಲಿಲ್ಲ.

ಧರೆಪ್ಪ ಯಾರಿಗೂ ಕಾಣದಂತೆ ಮಗಳ ಮುಂದೆ ಬಟ್ಟಲಿಟ್ಟ. ಕಂಡುಬಿಟ್ಟಿತು. “ಅಯ್ಯ, ಹೊಟ್ಟ್ಯಾಗ ಕೂಸ ಇಟ್ಕೊಂಡು ಕುಡೀತಿಯೇನ ಬೇ?” ಎಂದು ಹೆಂಗಸರೆಲ್ಲ ಮುಗಿಬಿದ್ದರು. ಹುಗ್ಗಿ ಮಾಡಿದ ತಾಯಿ ಶಿವಗಂಗವ್ವಳೇ ಬಟ್ಟಲು ಕಸಿದುಕೊಂಡಳು.

ಧರೆಪ್ಪ ಹೆಂಗಸರ ನಡುವೆ ನುಗ್ಗಿದ. “ಒಣದ್ರಾಕ್ಷಿರೇ ಅವು! ಬರೇ ಒಣದ್ರಾಕ್ಷಿ!” ಎಂದು ಚೀರಿದ.

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಧರೆಪ್ಪಗ ಜಾಸ್ತಿ ಆಗೇತಿ ಅಂದರು. ನಾಲ್ವರು ಅವನನ್ನು ಹಿಡಿದು ಮಲಗಿಸಿ, ನೆತ್ತಿಗೆ ನಿಂಬೆಹಣ್ಣು ತಿಕ್ಕಿದರು. ಕೋಮಲ ಕಣ್ಣೊರೆಸಿಕೊಳ್ಳುತ್ತ ಬಂದು, ಅಪ್ಪನ ತಲೆ ಎತ್ತಿ ಹಿಡಿದು ಮಜ್ಜಿಗೆ ಕುಡಿಸಿದಳು.

“ಕೂಸು ಹುಟ್ಟೂದ್ರಾಗರೆ ಕುಡಿಯೂದ ಬಿಟ್ಟುಬಿಡಪ್ಪಾ” ಎಂದಳು.