ಅಮ್ಮನ ಚಿತ್ರ ಬರೆದ ಹಂಗೇರಿಯವನು

ದೋಸೆಯನ್ನು ಸ್ಕ್ಯಾನ್ ಮಾಡದೆ ತಿನ್ನಬಾರದೆಂದು ನಂಬಿದ್ದ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ನಗಬೇಡಿ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ವಡೋದರದ ಗೋರ್ವಾದಲ್ಲಿದ್ದ ನಮ್ಮ ಉಡುಪಿ ಹೋಟೆಲಿನ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಹಂಗೇರಿಯ ಚಿತ್ರಕಾರ ಅವನು. ಮೊದಲ ದಿನವೇ ಮಸಾಲೆದೋಸೆಯನ್ನು ಮೇಲಕ್ಕೊಯ್ದು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದ. ಗಾಜು ಒರೆಸಲು ಬಟ್ಟೆ ಕೇಳಿಕೊಂಡು ಕೆಳಗಿಳಿದಾಗ ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಹಸಿವಿತ್ತು. ಇನ್ನೊಂದು ದೋಸೆ ಕೊಟ್ಟೆವು.

ಅವನ ಕಸುಬೂ ಹಾಗೆಯೇ. ಎಣ್ಣೆಬಣ್ಣದಲ್ಲಿ ವಾರಗಟ್ಟಲೆ ಚಿತ್ರ ಬರೆಯುವುದು, ಅದನ್ನು ಕಂಪ್ಯೂಟರಿಗೆ ಹಾಕಿ ಬಣ್ಣ ಕಲಕುವುದು, ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆಸಿ ಮತ್ತೆ ಅದರ ಮೇಲೆ ಕುಂಚ ಆಡಿಸುವುದು. ಅಪ್ಪ ಹೋದ ಮೇಲೆ ಬ್ರಹ್ಮಾವರದಿಂದ ಬಂದು ನಮ್ಮ ಜೊತೆಗಿದ್ದ ಅಮ್ಮನಿಗೆ ಇದು ಹಿಡಿಸಲಿಲ್ಲ.

"ಒಮ್ಮೆ ಕಡೆದ ಹಿಟ್ಟನ್ನು ಮತ್ತೆ ಕಡೆಯುವುದುಂಟಾ?" ಎಂದಳು.

ಅವನಿಗೆ ಅಲ್ಪಸ್ವಲ್ಪ ಹಿಂದಿ ಬರುತ್ತಿತ್ತು, ನಾನದನ್ನು ಹಿಂದಿಯಲ್ಲಿ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ರುಬ್ಬುಕಲ್ಲಿನಲ್ಲಿ ಹಿಟ್ಟು ಕಡೆಯುವುದು ಹೇಗೆಂದು ತೋರಿಸಲು ಹೇಳಿದ.

ಅಲ್ಲಿಂದ ಅವರಿಬ್ಬರೂ ಜೊತೆಯಾದರು. ಅಮ್ಮನ ಚಿತ್ರ ಬರೆಯುತ್ತೇನೆಂದು ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದ. ಅಮ್ಮನಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಅಮ್ಮ ಬೀನ್ಸ್ ಮುರಿಯುತ್ತ ಮಾತಾಡುವುದು, ಅವನು ತಲೆಯಾಡಿಸುತ್ತ ತನ್ನ ಭಾಷೆಯಲ್ಲಿ ಏನೋ ಹೇಳುವುದು! ಪಕ್ಕದಲ್ಲೊಂದು ಪುಟ್ಟ ಮೈಕು ಇಟ್ಟಿರುತ್ತಿದ್ದ. ಅದನ್ನು ಬಿ.ಪಿ. ನೋಡುವ ಯಂತ್ರವೆಂದು ತಿಳಿದ ಅಮ್ಮ, ಈಚೆಗೆ ಮೈ ಹಗುರಾಗಿದೆ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ನಾನು ಗಲ್ಲಾದಲ್ಲಿ, ಹೆಂಡತಿ ಹೋಟೆಲಿನ ಅಡುಗೆಮನೆಯಲ್ಲಿ, ಮಕ್ಕಳದ್ದು ಮನೆಯಲ್ಲೂ ಗುಜರಾತಿ. ಅಮ್ಮನ ಜೊತೆ ಕೂತು ಮಾತಾಡುವವರು ಬೇರೆ ಯಾರಿದ್ದರು? ಆಗ ಅದು ನನಗೆ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ಅಹಮದಾಬಾದಿನಲ್ಲಿ ಅವನ ಪ್ರದರ್ಶನ ನಡೆಯಿತು. ಅಮ್ಮ ಮಂಡಿನೋವೆಂದು ಬರಲಿಲ್ಲ, ನಾನೊಬ್ಬನೇ ಹೋದೆ. ಗೋಡೆಯ ತುಂಬ ಅಮ್ಮ. ಮುಖ ಎಣ್ಣೆಬಣ್ಣದ್ದು, ಸೀರೆ ಕಂಪ್ಯೂಟರಿನದು. ಚಿತ್ರದ ಹಿಂದಿನಿಂದ ಅವಳ ದನಿಯೂ ಬರುತ್ತಿತ್ತು. ಮೈಕಿನ ಗುಟ್ಟು ಆಗ ತಿಳಿಯಿತು. ಜನ ಅದನ್ನು ಸಂಗೀತದಂತೆ ಕೇಳುತ್ತ ನಿಂತಿದ್ದರು. ಅಷ್ಟು ಜನರಲ್ಲಿ ಕನ್ನಡ ಬಲ್ಲವನು ನಾನೊಬ್ಬ.

"ಇವನಿಗಿಂತ ಮೊದಲು ನನಗೊಂದು ಹೆಣ್ಣು ಹುಟ್ಟಿತ್ತು ಮಗಾ," ಎನ್ನುತ್ತಿದ್ದಳು ಅಮ್ಮ. "ಹನ್ನೊಂದು ದಿನ ಇತ್ತು. ಇವನಿಗೆ ಹೇಳಲಿಲ್ಲ. ನಿನಗೆ ಹೇಳಿದರೆ ಅಡ್ಡಿಲ್ಲ, ನಿನಗೆ ಅರ್ಥ ಆಗುವುದಿಲ್ಲ ಅಲ್ವಾ."

ನಲವತ್ತೆರಡು ವರ್ಷ ನಾನೇ ಚೊಚ್ಚಲ ಮಗನೆಂದುಕೊಂಡು ಬದುಕಿದ್ದೆ.

ಅವನು ಹತ್ತಿರ ಬಂದು, ಅಮ್ಮ ಏನು ಹೇಳುತ್ತಿದ್ದಾರೆಂದು ಆಸೆಯಿಂದ ಕೇಳಿದ. ಮನೆಯ ಮಾತು ಎಂದೆ. ನನ್ನ ಮುಖ ನೋಡಿದವನು ಮತ್ತೇನೂ ಕೇಳದೆ ಸ್ಪೀಕರಿನ ವಯರು ಕಿತ್ತ. ಸಿ.ಡಿ. ತೆಗೆದು ನನ್ನ ಅಂಗಿಯ ಜೇಬಿಗೆ ಹಾಕಿದ.

ಮರುದಿನ ಮಧ್ಯಾಹ್ನ ಗಲ್ಲಾವನ್ನು ಹೆಂಡತಿಗೆ ಬಿಟ್ಟು ಅಮ್ಮನ ಪಕ್ಕ ಕೂತೆ. ಹೇಗೆ ಶುರುಮಾಡುವುದೆಂದು ತಿಳಿಯದೆ, "ಅಕ್ಕನಿಗೆ ಹೆಸರಿಟ್ಟಿದ್ರಾ ಅಮ್ಮ?" ಎಂದುಬಿಟ್ಟೆ.

ಯಾರು ಹೇಳಿದರೆಂದು ಅವಳು ಕೇಳಲಿಲ್ಲ.

"ಹೆಸರಿಡುವುದು ಹನ್ನೆರಡನೇ ದಿನ ಅಲ್ವಾ," ಎಂದಳು. ಇನ್ನೊಂದು ಬೀನ್ಸ್ ಮುರಿದು, "ನಾನು ಮನಸ್ಸಲ್ಲೇ ಸುಮತಿ ಅಂತ ಕರೀತಿದ್ದೆ. ಈಗಲೂ ಕರೀತೇನೆ," ಎಂದಳು.