ನಮ್ಮಲ್ಲಿ ಉಣ್ಣೆ ಕುಗ್ಗುವುದಿಲ್ಲ!

“ಒಂದು ಎಳೆ ನೂಲನ್ನೂ ದುಡ್ಡು ಕೊಟ್ಟು ತರೋದಿಲ್ಲ! ಹಿಮ ಅಲ್ಲ, ಹಿಮದ ಅಪ್ಪನೇ ಬರಲಿ, ನನ್ನ ಅಂಗಡೀಲಿರೋ ಬಟ್ಟೆಯಲ್ಲೇ ಎದುರಿಸ್ತೀನಿ!”

ಹೀಗೆಂದು ಗರಿಗರಿಯಪ್ಪನವರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದಾಗ ಅವರ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮದುವೆಯಾದಾಗಿನಿಂದ ಇಂಥ ಘೋಷಣೆಗಳನ್ನು ಆಕೆ ಸಾಕಷ್ಟು ಕೇಳಿದ್ದರು. ಪ್ರತಿಯೊಂದರ ಕೊನೆಗೂ ಚೆಲ್ಲಿದ್ದನ್ನು ಒರೆಸುವ ಕೆಲಸ ಮಾತ್ರ ಆಕೆಯ ಪಾಲಿಗೇ ಬಂದಿತ್ತು.

ಗರಿಗರಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಲಾಂಡ್ರಿ. ಅವರ ಅಂಗಿಯ ಕಾಲರು ಕುತ್ತಿಗೆಯನ್ನು ಕೇಳದೆ ತಾನೇ ನಿಲ್ಲುತ್ತಿತ್ತು. ಅಂಗಡಿಯ ಗೋಡೆಯ ಮೇಲೆ ಸ್ವಂತ ಕೈಯಿಂದ ಬರೆದ ಒಂದು ಫಲಕ: “ನಮ್ಮಲ್ಲಿ ಉಣ್ಣೆ ಕುಗ್ಗುವುದಿಲ್ಲ!” ಗುಂಡಿ ಹೋಯಿತು ಎಂದರೆ ಸಹಿಸಿಯಾರು, ಇಸ್ತ್ರಿ ಸುಟ್ಟಿತು ಎಂದರೂ ಕೈ ಮುಗಿದಾರು. ಆದರೆ ‘ಕುಗ್ಗಿದೆ’ ಎಂಬ ಮಾತು ಅವರ ಕಿವಿಗೆ ಕಾದ ಎಣ್ಣೆ. ಪಕ್ಕದ ಬೀದಿಯ ಲಾಂಡ್ರಿಯವನು ಯಾವುದೋ ಕಾಲದಲ್ಲಿ ಒಂದು ಸ್ವೆಟರ್ ಕುಗ್ಗಿಸಿದ್ದ ಕಥೆಯನ್ನು ಅವರು ಕೊಲೆ ಮೊಕದ್ದಮೆ ಹೇಳುವ ದನಿಯಲ್ಲಿ ಈಗಲೂ ಹೇಳುತ್ತಿದ್ದರು.

ಇಂಥವರಿಗೆ ಹಿಮ ತೇಲುವ ಸಮುದ್ರದಲ್ಲಿ ಹಡಗಿನ ಪ್ರವಾಸ ಗಂಟು ಬಿದ್ದದ್ದು ಷಡ್ಡಕರಿಂದ, ಅಂದರೆ ಹೆಂಡತಿಯ ಅಕ್ಕನ ಗಂಡನಿಂದ. “ನಾಲ್ಕು ಜನಕ್ಕೆ ಟಿಕೆಟ್ ತಗೊಂಡಿದ್ದೀನಿ, ಬಟ್ಟೆ ಮಾತ್ರ ನಿಮ್ಮದು. ನಿಮಗೇನು ಬಿಡಿ, ಬಟ್ಟೆ ಮಧ್ಯದಲ್ಲೇ ಇರೋರು!” ಎಂದು ಷಡ್ಡಕರು ಫೋನಿನಲ್ಲಿ ನಕ್ಕಿದ್ದರು. ಆ ನಗು ಗರಿಗರಿಯಪ್ಪನವರ ಎದೆಗೆ ನಾಟಿತ್ತು.

ಅಕ್ಕನ ಫೋನು ಬೇರೆ ದಿನಾ ತಪ್ಪದೆ ಬರುತ್ತಿತ್ತು. ಮೊದಲ ದಿನ, “ಡೆಕ್ಕಿನ ಮೇಲೆ ನಿಂತ್ರೆ ಮೂಗು ಉದುರಿ ಕೈಗೆ ಬರುತ್ತಂತೆ ಕಣೇ! ದಪ್ಪ ಬಟ್ಟೆ ತಗೊ.” ಹೆಂಡತಿ ಪೆಟ್ಟಿಗೆಗೆ ದಪ್ಪದ್ದನ್ನೆಲ್ಲ ತುಂಬಿದರು. ಮರುದಿನ, “ಒಳಗೆ ಹೀಟರ್ ಹಾಕಿರ್ತಾರಂತೆ, ಬೆವರು ಹರಿಯುತ್ತಂತೆ! ತೆಳು ಬಟ್ಟೆ ತಗೊ.” ದಪ್ಪದ್ದು ಹೊರಗೆ ಬಂದು ತೆಳ್ಳಗಿನದು ಒಳಗೆ ಹೋಯಿತು. ಅದರ ಮರುದಿನ, “ಕ್ಯಾಪ್ಟನ್ ಜೊತೆ ಒಂದು ಊಟ ಇದೆಯಂತೆ. ಠೀವಿಯಾಗಿ ಬರದಿದ್ರೆ ಬಾಗಿಲಲ್ಲೇ ನಿಲ್ಲಿಸ್ತಾರಂತೆ!” ಆಗ ಹೆಂಡತಿ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು.

“ರೀ, ನಮ್ಮನೇಲಿ ದಪ್ಪದ್ದು ಅಂದ್ರೆ ಹಾಸಿಗೆ ಕಂಬಳಿ ಒಂದೇ. ಅದನ್ನ ಸುತ್ತಿಕೊಂಡು ಕ್ಯಾಪ್ಟನ್ ಪಕ್ಕ ಕೂರಲಾ?”

ಘೋಷಣೆ ಹೊರಟದ್ದು ಅಂದೇ. ಲಾಂಡ್ರಿಯ ಹಿಂಬದಿಯಲ್ಲಿ ಒಂದು ಉದ್ದನೆಯ ಕಬ್ಬಿಣದ ಸರಳಿತ್ತು. ಅದಕ್ಕೆ ಗರಿಗರಿಯಪ್ಪನವರು ಇಟ್ಟ ಹೆಸರು ‘ಅನಾಥಾಲಯ’. ಆ ಊರಿಗೆ ಚಳಿ ನೆಂಟರ ಹಾಗೆ ಬಂದು ನಾಲ್ಕು ದಿನ ಇದ್ದು ಹೋಗುವುದು. ಅದನ್ನು ನಂಬಿ ಕೋಟು ಕೊಂಡವರು ಒಗೆಯಲು ಕೊಟ್ಟು ಮರೆತೇ ಬಿಡುತ್ತಿದ್ದರು. ಹೀಗೆ ವರ್ಷಗಟ್ಟಲೆ ಯಾರೂ ಕೇಳದ ಕೋಟು, ಸ್ವೆಟರ್, ತುಪ್ಪಳದ ಟೋಪಿ, ಕೈಗವಸು ಎಲ್ಲ ಅಲ್ಲಿ ನೇತಾಡುತ್ತಿದ್ದವು. ಅವನ್ನೆಲ್ಲ ಗರಿಗರಿಯಪ್ಪನವರು ಎರಡು ಗಂಟು ಕಟ್ಟಿ ಮನೆಗೆ ತಂದರು.

“ಇದೆಲ್ಲ ಬೇರೆಯವರದ್ದಲ್ವಾ?” ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

“ಬೇರೆಯವರದ್ದೇ. ಕದೀತಾ ಇದ್ದೀನಾ? ಉಣ್ಣೆಗೆ ಗಾಳಿ ಬೇಕು ಕಣೇ. ಸಮುದ್ರದ ಗಾಳಿಗಿಂತ ಒಳ್ಳೆ ಗಾಳಿ ಯಾವುದಿದೆ? ತಗೊಂಡ್ಹೋಗಿ, ಗಾಳಿ ಕುಡಿಸಿ, ಒಗೆದು, ತಿರುಗಿ ನೇತು ಹಾಕ್ತೀನಿ. ಇದು ಸೇವೆ!”

“ಅವರು ಬಂದು ಕೇಳಿದ್ರೆ?”

“ಇಷ್ಟು ವರ್ಷ ಕೇಳದೋರು ಈಗ ಕೇಳ್ತಾರಾ?”

“ನೀವು ಮುಟ್ಟಿದ್ದೀರಲ್ಲ, ಈಗ ಕೇಳ್ತಾರೆ” ಎಂದರು ಹೆಂಡತಿ.

ಆದರೂ ಗಂಟು ಬಿಚ್ಚಿದ ಮೇಲೆ ಆಕೆಯ ಕೈ ಸುಮ್ಮನಿರಲಿಲ್ಲ. ದಾಳಿಂಬೆ ಬಣ್ಣದ ಒಂದು ಉದ್ದನೆಯ ಕೋಟನ್ನು ಎತ್ತಿಕೊಂಡು, ಬೇಡ ಬೇಡವೆನ್ನುತ್ತಲೇ ತೊಟ್ಟು, ಕನ್ನಡಿಯ ಮುಂದೆ ನಿಂತರು. ಭುಜ ಸರಿಯಾಗಿ ಕೂತಿತು, ಸೊಂಟ ಸರಿಯಾಗಿ ಹಿಡಿಯಿತು. ಕಾಲರನ್ನು ಒಮ್ಮೆ ಎತ್ತಿದರು, ಒಮ್ಮೆ ಇಳಿಸಿದರು, ಪಕ್ಕಕ್ಕೆ ತಿರುಗಿ ತಮ್ಮನ್ನೇ ನೋಡಿಕೊಂಡರು. ಊರಿನವರ ಕೋಟುಗಳಿಗೆಲ್ಲ ಗುಂಡಿ ಹೊಲಿದು ಕೊಟ್ಟ ಈಕೆಗೆ ತಾನು ಈವರೆಗೆ ಒಂದು ಕೋಟು ಕೊಡಿಸಿಲ್ಲವೆಂಬುದು ಗರಿಗರಿಯಪ್ಪನವರಿಗೆ ಆಗ ಹೊಳೆಯಿತು. ಅವರು ಟೋಪಿಗಳನ್ನು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ಮರುದಿನದಿಂದ ಶುರುವಾಯಿತು ಪುಕುಪುಕು. ಅಂಗಡಿಗೆ ಯಾರು ಬಂದರೂ ಅವರು ಕೋಟು ಕೇಳಲು ಬಂದವರಂತೆಯೇ ಕಾಣತೊಡಗಿದರು. ಒಬ್ಬರು ಕೆಮ್ಮಿದರೆ, ‘ಇವರಿಗೆ ಚಳಿ, ಸ್ವೆಟರಿನ ನೆನಪಾಯಿತು!’ ಇನ್ನೊಬ್ಬರು ಹಿಂಬದಿಯ ಕಡೆ ಕಣ್ಣು ಹಾಯಿಸಿದರೆ, ‘ಖಾಲಿ ಸರಳು ನೋಡಿಬಿಟ್ಟರು!’ ಅಂದು ಒಂದು ಬಿಳಿ ಪಂಚೆಗೆ ನೀಲಿ ಹೆಚ್ಚಾಯಿತು, ಒಂದು ಪ್ಯಾಂಟಿಗೆ ಎರಡೆರಡು ಇಸ್ತ್ರಿ ಗೆರೆ ಬಿತ್ತು. ಗರಿಗರಿಯಪ್ಪನವರ ಕೈಯಲ್ಲಿ ಇಂಥದು ನಡೆದದ್ದೇ ಇಲ್ಲ. ಕೊನೆಗೆ ಅವರು ಮನೆಗೆ ಬಂದು ಹೇಳಿದರು: “ಒಂದೊಂದು ಫೋನ್ ಮಾಡಿಬಿಡ್ತೀನಿ. ‘ನಿಮ್ಮ ಕೋಟು ಬೇಕಾ, ಬೇಡವಾ’ ಅಂತ. ‘ಬೇಡಪ್ಪ, ನೀನೇ ಇಟ್ಕೊ’ ಅಂತಾರೆ. ಆಮೇಲೆ ಮನಸ್ಸಿಗೆ ನೆಮ್ಮದಿ.”

“ಮಲಗಿರೋರನ್ನ ತಟ್ಟಿ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳೋ ಹಾಗಾಯ್ತು” ಎಂದರು ಹೆಂಡತಿ. “ಬೇಡ ಅಂದ್ರೆ ಬೇಡ.” ಆಮೇಲೆ, “ಮಾಡಲೇಬೇಕು ಅಂದ್ರೆ ದಾಳಿಂಬೆ ಕೋಟಿನವರಿಗೆ ಮಾತ್ರ ಮಾಡ್ಬೇಡಿ” ಎಂದು ಸಣ್ಣ ದನಿಯಲ್ಲಿ ಸೇರಿಸಿದರು.

ದಾಳಿಂಬೆ ಕೋಟು ಹುಡುಗಿಯರ ಶಾಲೆಯ ಹೆಡ್‌ಮೇಡಂ ಅವರದು. ಗರಿಗರಿಯಪ್ಪನವರು ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಫೋನ್ ಮಾಡಿದರು.

ಔಷಧಿ ಅಂಗಡಿಯವರು ಮೊದಲನೆಯವರು. “ಏನು? ನನ್ನ ಬೂದು ಕೋಟು ನಿಮ್ಮ ಹತ್ರ ಇದೆಯಾ? ಅಯ್ಯೋ ದೇವರೇ! ಭಾವಮೈದುನ ಕದ್ದ ಅಂತ ಅವನ ಜೊತೆ ಮಾತು ಬಿಟ್ಟು ವರ್ಷಗಳಾದವಲ್ರೀ! ಇರಿ, ಈಗಲೇ ಬಂದೆ!” ಬ್ಯಾಂಡಿನವರು ತುಪ್ಪಳದ ಟೋಪಿಗಾಗಿ ಫೋನಿನಲ್ಲೇ ಕೂಗು ಹಾಕಿದರು. ಡ್ರೈವಿಂಗ್ ಶಾಲೆಯವರು ಸ್ವೆಟರಿನ ಆಸೆಯೇ ಬಿಟ್ಟಿದ್ದರಂತೆ. ‘ಬೇಡಪ್ಪ, ನೀನೇ ಇಟ್ಕೊ’ ಎಂದ ಮಹಾನುಭಾವ ಒಬ್ಬನೂ ಇರಲಿಲ್ಲ. ಸಂಜೆಯಾಗುವಷ್ಟರಲ್ಲಿ ಎಲ್ಲರೂ ಮನೆಯ ಬಾಗಿಲಲ್ಲಿ! ಮಡಿಸಿ ಜೋಡಿಸಿದ್ದ ಪೆಟ್ಟಿಗೆ ಕಣ್ಣೆದುರಿಗೇ ಬರಿದಾಗುತ್ತ ಬಂತು. ಹೆಂಡತಿ ಒಂದೊಂದನ್ನೇ ತೆಗೆದುಕೊಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ಔಷಧಿ ಅಂಗಡಿಯವರು ಕೋಟನ್ನು ಅಲ್ಲೇ ತೊಟ್ಟರು. ತೋಳು ಹೋಯಿತು, ಭುಜ ಕೂತಿತು. ಆದರೆ ಈ ಕಡೆಯ ಗುಂಡಿಗೂ ಆ ಕಡೆಯ ತೂತಿಗೂ ನಡುವೆ ಒಂದು ಗೇಣು ಹೊಟ್ಟೆ!

“ಕುಗ್ಗಿಸಿಬಿಟ್ಟಿದ್ದೀರಿ!” ಎಂದರು ಅವರು.

ಗರಿಗರಿಯಪ್ಪನವರಿಗೆ ಮೈಯೆಲ್ಲ ಉರಿಯಿತು. “ಏನಂದ್ರಿ? ಕುಗ್ಗೋದಾ? ನಮ್ಮಲ್ಲಾ? ತೋಳು ನೋಡಿ ಸ್ವಾಮಿ, ಹಾಗೇ ಇದೆ. ಬೆನ್ನು ನೋಡಿ, ಹಾಗೇ ಇದೆ. ತೋಳನ್ನ ಬಿಟ್ಟು ಬರೀ ಹೊಟ್ಟೆ ಹತ್ರ ಕುಗ್ಗೋ ಉಣ್ಣೆ ಪ್ರಪಂಚದಲ್ಲಿ ಎಲ್ಲಾದ್ರೂ ಇದ್ರೆ ತೋರಿಸಿ!”

“ಹಾಗಾದ್ರೆ ನಾನು ದಪ್ಪ ಆಗಿದ್ದೀನಿ ಅಂತೀರಾ?”

“ನಾನು ಹೇಳ್ತಾ ಇಲ್ಲ. ಕೋಟು ಹೇಳ್ತಾ ಇದೆ!”

ಔಷಧಿ ಅಂಗಡಿಯವರು ಕೆಂಡವಾಗಿ, ಗುಂಡಿ ಹಾಕದ ಕೋಟಿನಲ್ಲೇ ದುಡುದುಡು ಹೊರಟುಹೋದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ವಿಷಯ ಹೇಳುತ್ತ ಹೋದರು. ಅದು ಹೋಗಬಾರದ ಕಿವಿಗೂ ಹೋಯಿತು.

ಹಡಗಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಹೆಡ್‌ಮೇಡಂ! “ಎಲ್ಲರಿಗೂ ಫೋನ್ ಮಾಡಿದ್ದೀರಂತೆ, ನನಗೆ ಮಾತ್ರ ಇಲ್ಲ. ನನ್ನ ಕೋಟು ಏನಾಯ್ತು?”

ಗರಿಗರಿಯಪ್ಪನವರ ಗರಿಯೆಲ್ಲ ಒಮ್ಮೆಗೇ ಇಳಿಯಿತು. ಹೆಂಡತಿ ಒಳಗಿಂದ ಕೋಟು ತಂದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಉಣ್ಣೆ ಎಂದರೆ ಅದೊಂದೇ. ಕೊಡುವ ಮುನ್ನ ಅದರ ಕಾಲರಿನ ಮೇಲೆ ಒಮ್ಮೆ ಕೈಯಾಡಿಸಿ ಕೊಟ್ಟರು. ಹೆಡ್‌ಮೇಡಂ ತೊಟ್ಟರು. ಉಸಿರು ಎಳೆದರು, ಇನ್ನೂ ಎಳೆದರು, ತುದಿಗಾಲ ಮೇಲೆ ನಿಂತರು. ಗುಂಡಿ ತೂತಿನ ಮುಖವನ್ನೂ ನೋಡಲಿಲ್ಲ.

ಅವರು ಕನ್ನಡಕದ ಮೇಲಿಂದ ಗರಿಗರಿಯಪ್ಪನವರನ್ನು ನೋಡಿದರು. ಇಡೀ ಶಾಲೆಯನ್ನು ನಡುಗಿಸುವ ಆ ಕಣ್ಣುಗಳಲ್ಲಿ ಅಂದು ಒಂದು ಸಣ್ಣ ಬೇಡಿಕೆಯಿತ್ತು. “ನಿಜ ಹೇಳಿ. ಇದು ಕುಗ್ಗಿದೆಯೋ, ಇಲ್ಲಾ ನಾನೇ…”

ಗರಿಗರಿಯಪ್ಪನವರು ಬಾಯಿ ತೆರೆದರು. ತೋಳು, ಬೆನ್ನು, ಪ್ರಪಂಚದ ಉಣ್ಣೆ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಮೇಡಮ್ಮಿನ ಹಿಂದೆ ನಿಂತಿದ್ದ ಹೆಂಡತಿಯ ಮುಖ ಕಂಡಿತು. ಆಕೆ ಕಣ್ಣಿನಲ್ಲೇನೂ ಸನ್ನೆ ಮಾಡಲಿಲ್ಲ. ಕೋಟನ್ನು ನೋಡುತ್ತ ನಿಂತಿದ್ದರು, ಅಷ್ಟೇ. ಒಂದು ಕಡೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ, ಇನ್ನೊಂದು ಕಡೆ ಆ ಮುಖ.

“ಕುಗ್ಗಿದೆ ಮೇಡಂ” ಎಂದರು ಗರಿಗರಿಯಪ್ಪನವರು. “ಕುಗ್ಗಿಸಿದ್ದು ನಾನೇ.”

“ನನಗೆ ಗೊತ್ತಿತ್ತು!” ಹೆಡ್‌ಮೇಡಂ ಮುಖ ಅರಳಿತು. ಶಾಲೆಯವರು ಯಾರೂ ಕಂಡಿರದ ನಗು ಅದು. “ಹೋಗಲಿ ಬಿಡಿ, ತಪ್ಪು ಯಾರಿಗೆ ಆಗಲ್ಲ? ನನಗಂತೂ ಇನ್ನು ಇದು ಬರಲ್ಲ. ಏನಮ್ಮಾ, ನಿನಗೆ ಆದ್ರೆ ನೀನೇ ಇಟ್ಕೊ.” ಕೋಟನ್ನು ಹೆಂಡತಿಯ ತೋಳಿಗೆ ಹಾಕಿ, ಹಗುರ ಹೆಜ್ಜೆಯಿಡುತ್ತ ಮೆಟ್ಟಿಲಿಳಿದರು.

ಇಳಿದವರು ಸುಮ್ಮನೆ ಮನೆಗೆ ಹೋಗಬಾರದೇ? ಸಂತೋಷ ತಡೆಯಲಾರದೆ ಬೀದಿಗೆಲ್ಲ ಹಂಚಿದರು: “ಲಾಂಡ್ರಿಯವರು ಒಪ್ಪಿಕೊಂಡರು! ಕುಗ್ಗಿಸಿದ್ದು ಅವರೇ ಅಂತೆ!”

ಮಧ್ಯಾಹ್ನಕ್ಕೆ ಲಾಂಡ್ರಿಯ ಮುಂದೆ ಸಾಲು ನಿಂತಿತು. ಜಗಳಕ್ಕೆ ಬಂದವರ ಸಾಲಾಗಿದ್ದರೆ ಗರಿಗರಿಯಪ್ಪನವರು ಹೇಗೋ ತಡೆದುಕೊಳ್ಳುತ್ತಿದ್ದರು. ಎಲ್ಲರೂ ನಗುನಗುತ್ತ ಬಂದಿದ್ದರು! ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಳೆಯ ಪ್ಯಾಂಟು, ಅಂಗಿ, ಜಾಕೆಟ್ಟು.

“ನಮ್ಮದನ್ನೂ ನೀವೇ ಕುಗ್ಗಿಸಿದ್ದು ತಾನೇ?” ಎಂದು ಗಡಿಯಾರ ರಿಪೇರಿಯವರು ಆಸೆಯಿಂದ ಕೇಳಿದರು. “ಒಂದು ಸಲ ಗಟ್ಟಿಯಾಗಿ ಹೇಳಿಬಿಡಿ. ನಮ್ಮ ಮನೆಯವಳು ಇಲ್ಲೇ ನಿಂತಿದ್ದಾಳೆ, ಕೇಳಿಸಿಕೊಳ್ಳಲಿ.”

“ನಮ್ಮ ಡಾಕ್ಟರಿಗೂ ಒಂದು ಮಾತು ಹೇಳ್ಬಿಡಿ ಸ್ವಾಮಿ” ಎಂದರು ಬೇಕರಿಯವರು. “ಸುಮ್ನೆ ನನ್ನ ಊಟ ಕಡಿಮೆ ಮಾಡಿಸಿದ್ದಾರೆ.”

ಔಷಧಿ ಅಂಗಡಿಯವರೂ ಬಂದಿದ್ದರು. ಕೋಟು ಮಾತ್ರ ತಂದಿರಲಿಲ್ಲ. ಅದನ್ನು ಭಾವಮೈದುನನಿಗೆ ಕೊಟ್ಟು ರಾಜಿಯಾಗಿದ್ದರಂತೆ. “ನಾನು ಮೊದಲೇ ಹೇಳಿದ್ದೆ! ಕೋಟು ಹೇಳ್ತಾ ಇದೆಯಂತೆ, ಕೋಟು!” ಎಂದು ಸಾಲಿನವರಿಗೆಲ್ಲ ಕೇಳುವಂತೆ ನಕ್ಕರು.

ಒಬ್ಬರಿಗೆ ‘ಹೌದು’ ಎಂದವರು ಇನ್ನೊಬ್ಬರಿಗೆ ‘ಇಲ್ಲ’ ಎನ್ನುವುದು ಹೇಗೆ? ಇಲ್ಲವೆಂದರೆ ಹೆಡ್‌ಮೇಡಂ ಮತ್ತೆ ಬಂದು ಕೋಟು ಕೇಳಿದರೆ? ಗರಿಗರಿಯಪ್ಪನವರು ಎದುರಿಗೆ ಬಂದವರಿಗೆಲ್ಲ ಹೇಳುತ್ತ ಹೋದರು: “ಹೌದು, ನಾನೇ ಕುಗ್ಗಿಸಿದ್ದು… ಹೌದು, ಸೊಂಟದ ಹತ್ರ ಮಾತ್ರ… ಹೌದಮ್ಮಾ, ನಿಮ್ಮ ಯಜಮಾನರು ಹಾಗೇ ಇದ್ದಾರೆ…” ಸಾಲು ಕರಗುವಷ್ಟರಲ್ಲಿ ಅವರ ದನಿ ಹೊರಟುಹೋಗಿತ್ತು, ಪೇಟೆಯ ಬಟ್ಟೆ ಅಂಗಡಿಗಳೂ ಬಾಗಿಲೆಳೆದಿದ್ದವು. ಅವರು ಕುರ್ಚಿ ಹತ್ತಿ ಗೋಡೆಯ ಫಲಕವನ್ನು ಇಳಿಸಿ, ಇಸ್ತ್ರಿ ಮೇಜಿನ ಕೆಳಗೆ ಮುಖ ಕೆಳಗಾಗಿ ಇಟ್ಟರು.

ಮರುದಿನ ಬೆಳಿಗ್ಗೆ ಷಡ್ಡಕರ ಕಾರು ಬರುವ ಹೊತ್ತಾಗಿತ್ತು. ಹೆಂಡತಿ ದಾಳಿಂಬೆ ಕೋಟು ತೊಟ್ಟು ಮಹಾರಾಣಿಯಂತೆ ಸಿದ್ಧರಾಗಿದ್ದರು. ಗರಿಗರಿಯಪ್ಪನವರು ಮಾತ್ರ ತೆಳು ಅಂಗಿಯಲ್ಲಿ, ಖಾಲಿ ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು. ಹಿಮದ ಅಪ್ಪ ಬರುವ ಮೊದಲೇ ಅವರಿಗೆ ನಡುಕ ಶುರುವಾಗಿತ್ತು.

“ಇರಿ” ಎಂದು ಹೆಂಡತಿ ಒಳಗೆ ಹೋದರು. ಬೀರುವಿನ ತಳದಲ್ಲಿ ತಡಕಾಡಿ, ಹಳೆ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಗಂಟು ತಂದು ಬಿಚ್ಚಿದರು. ಒಳಗೊಂದು ಕರಿ ಉಣ್ಣೆಯ ಕೋಟು. ಮದುವೆಯಾದ ಹೊಸದರಲ್ಲಿ ಹೊಲಿಸಿದ್ದಂತೆ, ಗರಿಗರಿಯಪ್ಪನವರಿಗೆ ನೆನಪೇ ಇರಲಿಲ್ಲ. ಅವರ ಕಣ್ಣಲ್ಲಿ ನೀರಾಡಿತು. “ಅಂತೂ ನನ್ನದೇ ಕೋಟು! ಯಾರೂ ಬಂದು ಕೇಳೋ ಹಾಗಿಲ್ಲ!” ಎಂದು ಅವಸರವಸರವಾಗಿ ತೋಳು ತೂರಿಸಿದರು. ತೋಳು ಹೋಯಿತು, ಭುಜ ಕೂತಿತು. ಗುಂಡಿಗೆ ಕೈ ಹಾಕಿದರು. ಎಳೆದರು. ಉಸಿರು ಕಟ್ಟಿ ಇನ್ನೊಮ್ಮೆ ಎಳೆದರು. ಹೊರಗೆ ಕಾರಿನ ಹಾರ್ನು ಕೇಳಿಸಿತು.

ಅವರು ಕನ್ನಡಿಯನ್ನು ನೋಡಿದರು. ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಇದ್ದಷ್ಟು ದನಿಯಲ್ಲಿ ಗಂಭೀರವಾಗಿ ಹೇಳಿದರು:

“ಕುಗ್ಗಿದೆ.”

“ಅಯ್ಯೋ ಪಾಪ!” ಎಂದರು ಹೆಂಡತಿ. “ಯಾವ ಲಾಂಡ್ರಿಗೆ ಕೊಟ್ಟಿದ್ರಿ?”